ಬಿದ್ದರೆ ಈ ಕಡೆ ಬೀಳಿ

೨೦೧೯ನೇ ಇಸವಿ ಮಾರ್ಚ್ ೭, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಹೆದ್ದಾರಿ ಪಕ್ಕದ ಹೊಸ ಅಪಘಾತ ಚಿಕಿತ್ಸಾ ಕೇಂದ್ರದ ಬಾಗಿಲಿಗೆ ಕಟ್ಟಿದ್ದ ಟೇಪನ್ನು ಮುಖ್ಯ ಅತಿಥಿಗಳು ಕತ್ತರಿಸಿದರು. ಕತ್ತರಿ ಮೊಂಡಾಗಿತ್ತು. ಮೂರನೇ ಸಲಕ್ಕೆ ಟೇಪು ಹರಿಯಿತು. ಇಡೀ ಕಟ್ಟಡದಲ್ಲಿ ಹರಿತವಿಲ್ಲದ ಉಪಕರಣ ಅದೊಂದೇ ಆಗಿತ್ತೆಂದು ಕೇಂದ್ರದ ಮುಖ್ಯ ವೈದ್ಯೆ ಆಮೇಲೆ ಹೇಳಿಕೊಂಡು ನಗುತ್ತಿದ್ದಳು. ಆಗಿನ್ನೂ ಅವಳಿಗೆ ನಗು ಬರುತ್ತಿತ್ತು.

ಅತಿಥಿಗಳು ಕತ್ತರಿಯನ್ನು ತಟ್ಟೆಗೆ ಹಾಕಿ, ಅಂಗಳ ದಾಟಿ, ನೇರವಾಗಿ ರಸ್ತೆಗೆ ಇಳಿದರು. ಪೊಲೀಸರು ಎರಡೂ ದಿಕ್ಕಿನ ವಾಹನಗಳನ್ನು ತಡೆದು ನಿಲ್ಲಿಸಿದ್ದರು. ಕೇಂದ್ರದ ಬಾಗಿಲಿಗೆ ಸರಿಯಾಗಿ ಎದುರು, ರಸ್ತೆ ನಡುವಿನ ಡಿವೈಡರಿನಲ್ಲಿ ವರ್ಷಾನುಗಟ್ಟಲೆಯಿಂದ ಬಾಯಿ ತೆರೆದುಕೊಂಡಿದ್ದ ಸಂದಿಯೊಂದನ್ನು ಕಲ್ಲು ಕಟ್ಟಿ ಮುಚ್ಚಲಾಗಿತ್ತು. ಕೊನೆಯ ಕಲ್ಲಿಗೆ ಒಂದು ಕರಣೆ ಸಿಮೆಂಟು ಬಳಿಯುವುದಷ್ಟೇ ಬಾಕಿ. ಅತಿಥಿಗಳು ಅದನ್ನೂ ಬಳಿದರು. ಒಂದೇ ಓಡಾಟಕ್ಕೆ ಎರಡು ಸಮಾರಂಭ ಮುಗಿಯಿತು, ಸರ್ಕಾರಕ್ಕೆ ಡೀಸೆಲ್ಲು ಉಳಿಯಿತು. ಹೀಗೆ ಆಸ್ಪತ್ರೆಯ ಬಾಗಿಲು ತೆರೆದ ಹತ್ತೇ ನಿಮಿಷಕ್ಕೆ ಆಸ್ಪತ್ರೆಗೆ ಬರುವ ದಾರಿ ಮುಚ್ಚಿತು. ಎರಡಕ್ಕೂ ಅದೇ ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಡಾಕ್ಟರಮ್ಮನೇ. ಎರಡೂ ಅವಳದೇ ಶ್ರಮದ ಫಲ.

ವಿಷಯ ಇಷ್ಟೇ. ಜಿಲ್ಲಾ ಆಸ್ಪತ್ರೆಯಲ್ಲಿದ್ದಾಗ ಅವಳು ಎರಡು ವರ್ಷ ರಜೆ, ಭಾನುವಾರ ನೋಡದೆ ಹೆದ್ದಾರಿಯ ಒಂದೊಂದು ಅಪಘಾತವನ್ನೂ ನಕ್ಷೆಯ ಮೇಲೆ ಕೆಂಪು ಚುಕ್ಕಿಯಾಗಿ ಗುರುತಿಸಿದ್ದಳು. ಒಂದು ಜಾಗದಲ್ಲಿ ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಕಾಗದವೇ ಕಾಣದಂತಾಯಿತು. ಅದು ಈ ಸಂದಿ. ಲಾರಿಗಳು ಇಲ್ಲಿ ತಿರುಗುತ್ತಿದ್ದವು, ಎದುರಿನಿಂದ ಬರುವವರು ಬಂದು ಗುದ್ದುತ್ತಿದ್ದರು. ‘ಕೇಂದ್ರವನ್ನು ಇಲ್ಲೇ ಕಟ್ಟಬೇಕು’ ಎಂದು ಅವಳು ಆರೋಗ್ಯ ಇಲಾಖೆಗೆ ನಕ್ಷೆ ಕಳಿಸಿದಳು. ವಿಜ್ಞಾನ ಓದಿದವಳು, ಮಾಹಿತಿಯನ್ನು ಬಚ್ಚಿಟ್ಟುಕೊಳ್ಳುವ ಬುದ್ಧಿ ಅವಳದಲ್ಲ. ಇನ್ನೊಂದು ಪ್ರತಿಯನ್ನು ಹೆದ್ದಾರಿ ಇಲಾಖೆಗೂ ಕಳಿಸಿದಳು. ಇಲಾಖೆಗಳ ಮಟ್ಟಿಗೆ ಹೇಳುವುದಾದರೆ, ಒಂದು ಇಲಾಖೆ ಓದುವುದಿಲ್ಲ, ಇನ್ನೊಂದು ಓದಿದರೂ ಏನೂ ಮಾಡುವುದಿಲ್ಲ ಎಂಬುದು ಲೋಕರೂಢಿ. ಅವಳ ಗ್ರಹಚಾರಕ್ಕೆ ಎರಡೂ ಓದಿದವು, ಎರಡೂ ಕೆಲಸ ಮಾಡಿದವು. ಒಂದು ಇಲಾಖೆ ಅಪಘಾತದ ಜಾಗದಲ್ಲಿ ಆಸ್ಪತ್ರೆ ಕಟ್ಟಿತು. ಇನ್ನೊಂದು ಆ ಜಾಗದ ಅಪಘಾತವನ್ನೇ ನಿಲ್ಲಿಸಿತು.

ಹೆದ್ದಾರಿ ವಿಭಾಗದ ಎಂಜಿನಿಯರು ಬೇರೆ ಯಾರೂ ಅಲ್ಲ, ಅವಳ ಭಾವ, ಗಂಡನ ಅಣ್ಣ. ಸಂದಿ ಮುಚ್ಚಿದ್ದಕ್ಕೆ ಅವರಿಗೆ ಇಲಾಖೆಯ ಪ್ರಶಸ್ತಿಯೂ ಬಂತು. ಗಾಜಿನ ಚೌಕದೊಳಗಿನ ಪುಟ್ಟ ರಸ್ತೆಯೊಂದು ಅತ್ತೆಯ ಮನೆಯ ಟಿ.ವಿ. ಮೇಲೆ ಬಂದು ಕೂತಿತು.

ಅಪಘಾತಗಳು ಹೆದ್ದಾರಿ ಬಿಟ್ಟು ಓಡಿಹೋಗಲಿಲ್ಲ. ಆಚೆ ಈಚೆ ಹಂಚಿಹೋದವು. ಈ ಕಡೆಯ ರಸ್ತೆಯಲ್ಲಿ ಬಿದ್ದವರು ನೇರವಾಗಿ ಬಾಗಿಲಿಗೇ ಬರುತ್ತಿದ್ದರು. ಅವರಿಗೆ ರಕ್ತ, ಆಮ್ಲಜನಕ, ಶಸ್ತ್ರಚಿಕಿತ್ಸೆಯ ಕೋಣೆ ಎಲ್ಲ ಸಿದ್ಧ. ಆ ಕಡೆಯ ರಸ್ತೆಯಲ್ಲಿ ಬಿದ್ದವರದು ಬೇರೆ ಕತೆ. ಕೇಂದ್ರದ ಎದುರಿಗೇ ಬಿದ್ದವನನ್ನು ತರಲು ಆಂಬುಲೆನ್ಸು ಈ ಕಡೆಯಿಂದ ಹೊರಟು ಆರು ಕಿಲೋಮೀಟರ್ ಹೋಗಿ ತಿರುಗಿ, ಮತ್ತೆ ಆರು ಬಂದು ಅವನನ್ನು ಎತ್ತಿಕೊಳ್ಳಬೇಕು. ಎತ್ತಿಕೊಂಡ ಮೇಲೆ ಹಿಂದಕ್ಕೆ ಬರುವಂತಿಲ್ಲ. ಆ ದಿಕ್ಕಿನಲ್ಲೇ ಒಂಬತ್ತು ಕಿಲೋಮೀಟರ್ ಮುಂದೆ ಹೋಗಿ ತಿರುಗಿ, ಒಂಬತ್ತು ಬರಬೇಕು. ಕೂಗಿದರೆ ಕೇಳಿಸುವಷ್ಟು ದೂರದ ಗಾಯಾಳುವಿಗೆ ಒಟ್ಟು ಮೂವತ್ತು ಕಿಲೋಮೀಟರ್ ಪ್ರವಾಸ.

“ಮೇಡಂ, ಗೇಟಿನ ಮುಂದೆ ಒಂದು ಬೋರ್ಡು ಹಾಕ್ಸೋಣ,” ಅಂದ ಆಂಬುಲೆನ್ಸಿನ ಚಾಲಕ. ಅವನನ್ನು ಎಲ್ಲರೂ ಪೈಲಟ್ ಎಂದೇ ಕರೆಯುತ್ತಿದ್ದರು. “‘ದಯವಿಟ್ಟು ಬಿದ್ದರೆ ಈ ಕಡೆ ಬೀಳಿ’ ಅಂತ.”

“ಕೆಳಗೆ ನಿನ್ನ ಹೆಸರು ಹಾಕ್ಸು. ನಾಳೆನೇ ನಿನ್ನನ್ನ ಮೇಲಿನ ಆಫೀಸಿಗೆ ಕರೆಸ್ತಾರೆ,” ಅಂದರು ಸಿಸ್ಟರ್.

ಡಾಕ್ಟರಮ್ಮನೂ ನಕ್ಕಳು. ಅದೇ ಕೊನೆ. ಮರುವಾರ ಅವಳ ಬಾಯಿಂದ ಆ ನಗು ಹೋಯಿತು.

ಮಟಮಟ ಮಧ್ಯಾಹ್ನ. ಆ ಕಡೆಯ ರಸ್ತೆಯಲ್ಲಿ, ಮೂರು ಕಿಲೋಮೀಟರ್ ಹಿಂದೆ, ಪಂಪು ರಿಪೇರಿಯ ಮೆಕ್ಯಾನಿಕ್ ಒಬ್ಬನ ಬೈಕಿಗೆ ವ್ಯಾನು ಗುದ್ದಿತ್ತು. ಹೊರಗೆ ಗಾಯವೇ ಇಲ್ಲ, ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಇಂಥದಕ್ಕೆ ಮದ್ದು ಒಂದೇ, ಬೇಗ ಹೊಟ್ಟೆ ತೆರೆದು ರಕ್ತ ನಿಲ್ಲಿಸುವುದು. ಪೈಲಟ್ ದಾರಿಯಿಂದಲೇ ಫೋನು ಮಾಡಿದ್ದ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ದೀಪ ಹತ್ತಿತು, ಡಾಕ್ಟರಮ್ಮ ಕೈ ತೊಳೆದು ಗೌನು ತೊಟ್ಟು ಕಿಟಕಿಯ ಬಳಿ ನಿಂತಳು. ಸೈರನ್ ಕೇಳಿಸಿತು. ಆಂಬುಲೆನ್ಸು ಕಾಣಿಸಿತು. ಅದು ಆ ಕಡೆಯ ರಸ್ತೆಯಲ್ಲಿ, ಅವಳ ಕಣ್ಣೆದುರೇ, ಎಡದಿಂದ ಬಲಕ್ಕೆ ಹಾದು ಹೋಯಿತು. ತೊಳೆದ ಕೈಗಳನ್ನು ಎದೆಯೆತ್ತರಕ್ಕೆ ಹಿಡಿದುಕೊಂಡು ಅವಳು ನೋಡುತ್ತಲೇ ನಿಂತಳು. ಅದು ತಿರುಗಿ ಬರುವ ಹೊತ್ತಿಗೆ ತೆರೆಯಬೇಕಾದ ಹೊಟ್ಟೆಯೇನೋ ಬಂತು. ತೆರೆದು ಮಾಡುವುದೇನೂ ಉಳಿದಿರಲಿಲ್ಲ.

ಪೈಲಟ್ ಅಂದು ಊಟ ಮಾಡಲಿಲ್ಲ. ಸಂಜೆ ಬಂದು ಬಾಗಿಲಲ್ಲಿ ನಿಂತು ಹೇಳಿದ: “ಮಾತಾಡ್ತಾ ಇದ್ದ ಮೇಡಂ. ಕಿಟಕೀಲಿ ನಮ್ಮ ಕೆಂಪು ಬೋರ್ಡು ಕಾಣ್ತು ಅವನಿಗೆ. ‘ಅಣ್ಣಾ, ಆಸ್ಪತ್ರೆ ಬಂತಲ್ಲ, ಯಾಕೆ ನಿಲ್ಲಿಸ್ಲಿಲ್ಲ?’ ಅಂದ. ಏನು ಹೇಳ್ಲಿ ನಾನು?”

ಡಾಕ್ಟರಮ್ಮನ ಬಳಿ ಅದಕ್ಕೆ ಉತ್ತರವಿತ್ತು, ಉತ್ತರ ಅವಳದೇ ನಕ್ಷೆಯಲ್ಲಿತ್ತು.

ಮುಂದಿನ ಸಲ ಸ್ಟ್ರೆಚರನ್ನು ಡಿವೈಡರ್ ಮೇಲಿಂದ ದಾಟಿಸಿ ನೋಡಿದರು. ಲಾರಿಯೊಂದು ಬ್ರೇಕು ಕಿರುಚಿಸಿಕೊಂಡು ಸಿಸ್ಟರ್ ಸೀರೆಯ ಅಂಚಿಗೆ ಬಂದು ನಿಂತಿತು. ರೋಗಿಗಳ ಸಂಖ್ಯೆ ಹೆಚ್ಚಿಸಲು ಸಿಬ್ಬಂದಿಯನ್ನೇ ಬಳಸುವುದು ಸರಿಯಲ್ಲವೆಂದು ಡಾಕ್ಟರಮ್ಮ ಅದನ್ನು ನಿಲ್ಲಿಸಿದಳು. ಅವಳಿಗೆ ಬೇಕಾಗಿದ್ದುದು ಒಂದೇ: ಆ ಕಲ್ಲು ತೆಗೆಯಬೇಕು, ಆಂಬುಲೆನ್ಸು ದಾಟಬೇಕು.

ಆ ಭಾನುವಾರ ಅತ್ತೆಯ ಮನೆಯ ಊಟಕ್ಕೆ ಕೂತಾಗ ಅವಳು ಕೇಳಿಯೇಬಿಟ್ಟಳು.

“ಭಾವ, ಆ ಸಂದಿ ತೆಗೆಸಿಕೊಡಿ.”

“ನೋಡಮ್ಮ, ಅಲ್ಲಿ ವರ್ಷಕ್ಕೆ ಎಷ್ಟು ಜನ ಸಾಯ್ತಿದ್ರು ಅಂತ ಲೆಕ್ಕ ಕೊಟ್ಟೋಳು ನೀನೇ. ಈಗ ಎಷ್ಟು? ಸೊನ್ನೆ. ನಿನ್ನ ಮಾತು ಕೇಳಿದ್ದೇ ತಪ್ಪಾಯ್ತಾ?”

“ತಪ್ಪಲ್ಲ ಭಾವ. ಎಲ್ಲರಿಗೂ ತೆಗೀರಿ ಅಂತಿಲ್ಲ. ಆಂಬುಲೆನ್ಸಿಗೆ ಮಾತ್ರ.”

“ತುರ್ತು ವಾಹನದ ದಾರಿ ಅಂದ್ರೆ ನನ್ನ ಕೈಲಿಲ್ಲ. ಆರೋಗ್ಯ, ಪೊಲೀಸ್, ಹೆದ್ದಾರಿ, ಮೂರೂ ಇಲಾಖೆ ಒಪ್ಪಬೇಕು. ಜಂಟಿ ಸಮಿತಿ ಆಗ್ಬೇಕು. ಸಮಿತಿ ಬಂದು ಜಾಗ ನೋಡ್ಬೇಕು.”

“ಅಷ್ಟರೊಳಗೆ ಸಾಯೋರು?”

“ಅವರಿಗೂ ಅರ್ಜಿ ಹಾಕಕ್ಕೆ ಹೇಳೇ,” ಅಂದರು ಅತ್ತೆ, ದೊಡ್ಡ ಮಗನ ತಟ್ಟೆಗೆ ಇನ್ನಷ್ಟು ಬಡಿಸುತ್ತಾ. “ಇವನು ಚಿಕ್ಕೋನಿದ್ದಾಗ್ಲೂ ಹೀಗೇ. ಮನೆಗೆ ಬೆಂಕಿ ಬಿದ್ರೂ ಅಪ್ಪನ್ನ ಕೇಳಿ ನೀರು ತರ್ತೀನಿ ಅನ್ನೋನು.”

ಗಂಡ ತಲೆ ಎತ್ತಲಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವ ಅವನು ಅಣ್ಣ ಮತ್ತು ಹೆಂಡತಿ ಒಂದೇ ಪಾತ್ರೆಯಲ್ಲಿದ್ದಾಗ ಕಲಕಬಾರದೆಂದು ಅನುಭವದಿಂದ ಕಲಿತಿದ್ದ.

ಭಾವ ಕೆಟ್ಟವರಲ್ಲ. ಅವರು ಹೇಳಿದ್ದು ಸುಳ್ಳೂ ಅಲ್ಲ. ಸಂದಿ ಮತ್ತೆ ತೆರೆದರೆ ಲಾರಿಗಳು ಮತ್ತೆ ತಿರುಗುತ್ತವೆ, ಮತ್ತೆ ಕೆಂಪು ಚುಕ್ಕಿ ಬೀಳುತ್ತದೆ. ಅದು ಡಾಕ್ಟರಮ್ಮನಿಗೂ ಗೊತ್ತಿತ್ತು. ಜಗಳವಾಡುವವರಿಬ್ಬರ ಲೆಕ್ಕವೂ ಸರಿಯಿದ್ದರೆ ಆಗುವ ಸುಸ್ತು ಬೇರೆಯೇ.

ಜಂಟಿ ಸಮಿತಿ ರಚನೆಯಾಯಿತು. ಸಮಿತಿ ತನ್ನ ಸಮಯ ತಾನು ತೆಗೆದುಕೊಂಡು, ಒಂದು ದಿನ ಸಂಜೆ ಬಿಸಿಲು ಇಳಿದ ಮೇಲೆ ಬರುವುದೆಂದು ತಿಳಿಸಿತು. ಅಧ್ಯಕ್ಷರು ನಿವೃತ್ತಿಯ ಅಂಚಿನಲ್ಲಿದ್ದ ದೊಡ್ಡ ಅಧಿಕಾರಿ. ಡಾಕ್ಟರಮ್ಮ ಬೆಳಿಗ್ಗೆಯಿಂದ ಅಂಗಳದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದಲ್ಲಿ ನಿಂತಿದ್ದರು. ಸಮಿತಿಯ ಕಾರು ಬಂತು. ಬಂದದ್ದು ಆ ಕಡೆಯ ರಸ್ತೆಯಲ್ಲಿ.

ಕಾರಿನ ಚಾಲಕ ಕಿಟಕಿ ಇಳಿಸಿ ಕೂಗಿದ: “ಆಸ್ಪತ್ರೆಗೆ ಎಲ್ಲಿ ತಿರುಗೋದು?”

“ಒಂಬತ್ತು ಕಿಲೋಮೀಟರ್ ಮುಂದೆ!” ಈ ಕಡೆಯಿಂದ ಪೈಲಟ್ ಕೂಗಿದ. ಆ ಉತ್ತರ ಕೂಗುವಾಗ ಅವನ ಮುಖದಲ್ಲಿದ್ದಷ್ಟು ಸಂತೋಷವನ್ನು ಸಿಸ್ಟರ್ ಹಿಂದೆಂದೂ ಕಂಡಿರಲಿಲ್ಲ.

ಡಾಕ್ಟರಮ್ಮನ ಎದೆಯೂ ಹಗುರಾಯಿತು. ಇನ್ನು ವಿವರಿಸಬೇಕಾದ್ದು ಏನೂ ಇಲ್ಲ. ಸಮಿತಿ ಹೋಗಿ ತಿರುಗಿ ಬರಲಿ, ಬಂದು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಳ್ಳಲಿ, ಅಷ್ಟು ಸಾಕು. ಆದರೆ ಅಧ್ಯಕ್ಷರು ಸಮಯಪ್ರಜ್ಞೆಯ ಮನುಷ್ಯ. ಕಾರು ಪಕ್ಕಕ್ಕೆ ಹಾಕಿಸಿದರು. ಇಳಿದರು. “ಇಷ್ಟಕ್ಕೆಲ್ಲ ಅಷ್ಟು ದೂರ ಯಾರ್ರೀ ಹೋಗ್ತಾರೆ,” ಎಂದು ಜೊತೆಯವರಿಗೆ ಹೇಳಿ, ಎರಡೂ ಕಡೆ ನೋಡಿ, ಪ್ಯಾಂಟು ಮೇಲೆತ್ತಿ ಡಿವೈಡರ್ ಹತ್ತಿದರು.

“ಸರ್, ಬೇಡ ಸರ್!” ಭಾವ ಓಡಿದರು.

ಡಿವೈಡರಿನ ಮೇಲೆ ಕಣಗಿಲೆ ಗಿಡಗಳ ಸಾಲು. ಅದರ ಪಕ್ಕ ಸೊಂಟದೆತ್ತರದ ತಂತಿಬೇಲಿ. ಅಧ್ಯಕ್ಷರ ಒಂದು ಕಾಲು ಬೇಲಿ ದಾಟಿತು. ಇನ್ನೊಂದು ಕಾಲಿನ ಪ್ಯಾಂಟು ತಂತಿಗೆ ಸಿಕ್ಕಿಕೊಂಡಿತು. ಜಂಟಿ ಸಮಿತಿಯ ಅಧ್ಯಕ್ಷರು ಒಂದು ಕ್ಷಣ ಎರಡೂ ರಸ್ತೆಗಳ ಮೇಲೆ ಸಮಾನ ಅಧಿಕಾರ ಹೊಂದಿ ನಿಂತು, ಆಮೇಲೆ ದೊಪ್ಪನೆ ಬಿದ್ದರು. ಬಿದ್ದದ್ದು ಈ ಕಡೆಗೆ.

ತೊಡೆಯ ಮೂಳೆ ಮುರಿದಿತ್ತು. ಅಂಗಳದಲ್ಲೇ ಸಿದ್ಧವಿದ್ದ ಸ್ಟ್ರೆಚರು ಓಡಿತು. ಭಾವ ರಸ್ತೆಗೆ ಅಡ್ಡ ನಿಂತು ಎರಡೂ ಕೈ ಚಾಚಿ ವಾಹನ ನಿಲ್ಲಿಸಿದರು. ಪೈಲಟ್ ಮತ್ತು ಸಿಸ್ಟರ್ ಎತ್ತಿಕೊಂಡು ಬಂದರು. ಡಾಕ್ಟರಮ್ಮ ಕಾಲು ನೇರ ಮಾಡಿ ಪಟ್ಟಿ ಕಟ್ಟಿ, ನೋವಿಗೆ ಇಂಜೆಕ್ಷನ್ ಕೊಟ್ಟು, ಡ್ರಿಪ್ಪು ಹಾಕಿ, ಎಕ್ಸ್‌ರೇ ಮುಗಿಸುವಷ್ಟರಲ್ಲಿ ಸಮಿತಿಯ ಉಳಿದ ಸದಸ್ಯರು ಕಾರಿನಲ್ಲಿ ಹದಿನೆಂಟು ಕಿಲೋಮೀಟರ್ ಸುತ್ತಿ ಇನ್ನೂ ಬರುತ್ತಲೇ ಇದ್ದರು.

ನೋವು ಇಳಿದ ಮೇಲೆ ಅಧ್ಯಕ್ಷರು ಕಣ್ಣು ಬಿಟ್ಟರು. ಬಿಳಿ ಗೋಡೆ ನೋಡಿದರು, ಯಂತ್ರ ನೋಡಿದರು, ಕಣ್ಣಂಚು ಒದ್ದೆಯಾಯಿತು.

“ಏನಮ್ಮಾ ನಿಮ್ಮ ಸ್ಪೀಡು! ನಾನು ಕೆಳಗೆ ಬೀಳೋದಕ್ಕೂ ನೀವು ಎತ್ತೋದಕ್ಕೂ ಸರಿಹೋಯ್ತು. ಬಿದ್ದು ಐದು ನಿಮಿಷಕ್ಕೆ ಇಂಜೆಕ್ಷನ್! ಈ ಕೇಂದ್ರಕ್ಕೆ ಬರೋಕೆ ದಾರಿ ಸಮಸ್ಯೆ ಅಂತ ಯಾರು ಹೇಳಿದ್ದು ನನಗೆ?”

“ಸರ್, ನೀವು ಬಿದ್ದಿದ್ದು ಈ ಕಡೆಗೆ,” ಅಂದಳು ಡಾಕ್ಟರಮ್ಮ.

“ಅದೇ ನಾನೂ ಹೇಳ್ತಿರೋದು. ಬಿದ್ದ ತಕ್ಷಣ ಚಿಕಿತ್ಸೆ!”

“ಆ ಕಡೆಗೆ ಬಿದ್ದಿದ್ರೆ ಸರ್, ನಮ್ಮ ಆಂಬುಲೆನ್ಸು ಮೂವತ್ತು ಕಿಲೋಮೀಟರ್—”

“ಛೆ ಛೆ, ನಿಮ್ಮನ್ನ ನೀವೇ ಕಡಿಮೆ ಮಾಡ್ಕೋಬೇಡಿ. ನನ್ನ ಅನುಭವ ನಾನು ಬರೀತೀನಿ.”

ಮನುಷ್ಯ ಮಾತಿಗೆ ತಪ್ಪಲಿಲ್ಲ. ಸಮಿತಿಯ ಶಿಫಾರಸುಗಳು ಎರಡು. ಒಂದು, ಕೇಂದ್ರದ ಸೇವೆ ಅತ್ಯುತ್ತಮವಾಗಿದ್ದು ಹೆಚ್ಚುವರಿ ದಾರಿಯ ಅಗತ್ಯ ಕಂಡುಬರುವುದಿಲ್ಲ. ಎರಡು, ಡಿವೈಡರಿನ ಬೇಲಿ ತೀರಾ ಗಿಡ್ಡವಾಗಿದ್ದು ಜನ ಹತ್ತಲು ಪ್ರೇರೇಪಿಸುತ್ತದೆ. ಎರಡೂ ಪಕ್ಕ ತಲೆಯೆತ್ತರದ ತಗಡಿನ ಬೇಲಿ ಹಾಕತಕ್ಕದ್ದು.

ಆ ಬೇಲಿ ಏಳು ದಿನದೊಳಗೆ ಎದ್ದಿತು. ತಾನು ಎರಡನೇ ಸಲ ಇಲಾಖೆಗಳನ್ನು ಎಚ್ಚರಿಸಿದೆನಲ್ಲಾ ಎಂದು ಡಾಕ್ಟರಮ್ಮ ಕಿಟಕಿಯಲ್ಲಿ ನಿಂತು ನೋಡಿದಳು. ಬೇಲಿಯ ಆಚೆ ಇನ್ನೊಬ್ಬ ಬಿದ್ದರೆ ಇನ್ನು ಅವನು ಕಾಣುವುದೂ ಇಲ್ಲ. ಅದೊಂದು ಅನುಕೂಲವೇ ಅನ್ನಬೇಕು.

ಮತ್ತೊಂದು ಭಾನುವಾರ. ಮತ್ತೆ ಅದೇ ಊಟದ ಮೇಜು. ಈ ಸಲ ಗಂಟು ಮುಖ ಹಾಕಿಕೊಂಡಿದ್ದವರು ಭಾವ.

“ಏನೋ ಆಯ್ತು ನಿಂಗೆ? ಬಡಿಸಿದ್ದು ಹಾಗೇ ಇದೆ,” ಅಂದರು ಅತ್ತೆ.

“ಗಿಡ ಒಣಗ್ತಿದೆ ಅಮ್ಮ.”

“ಯಾವ ಗಿಡ?”

“ಡಿವೈಡರಿನ ಕಣಗಿಲೆ. ಎರಡೂ ಕಡೆ ಎತ್ತರದ ಬೇಲಿ ಬಂತಲ್ಲ. ಟ್ಯಾಂಕರಿಂದ ಪೈಪು ಬಿಟ್ರೆ ನೀರು ಅರ್ಧ ಬೇಲಿಗೆ, ಅರ್ಧ ಹಿಂದೆ ಬರೋ ಬೈಕಿನೋರಿಗೆ. ಗಿಡಕ್ಕೆ ತೊಟ್ಟೂ ಇಲ್ಲ. ಮುಂದಿನ ತಿಂಗಳು ಹಸಿರು ತಪಾಸಣೆ. ನೂರಕ್ಕೆ ತೊಂಬತ್ತು ಗಿಡ ಬದುಕಿರ್ಬೇಕು.”

ಡಾಕ್ಟರಮ್ಮ ತಟ್ಟೆಯಿಂದ ಕೈ ತೆಗೆದಳು. ನೂರಕ್ಕೆ ಇಷ್ಟು ಮನುಷ್ಯರು ಬದುಕಿರಬೇಕೆಂದು ಹೆದ್ದಾರಿ ಇಲಾಖೆಯಲ್ಲಿ ನಿಯಮವಿರುವುದನ್ನು ಅವಳು ಕೇಳಿರಲಿಲ್ಲ.

“ಪಾಪ,” ಅಂದಳು. “ಎಷ್ಟು ಸಂಕಟ ಪಡ್ತಿವೆಯೋ. ಅವಕ್ಕೊಂದು ಗೇಟು ಇಡ್ಸಿ ಭಾವ. ಮನುಷ್ಯರಿಗಾದ್ರೆ ಮೂರು ಇಲಾಖೆ ಬೇಕು. ಗಿಡಕ್ಕೆ ಯಾರನ್ನ ಕೇಳ್ಬೇಕು? ನಾವೂ ಮುಂದಿನ ಜನ್ಮದಲ್ಲಿ ಕಣಗಿಲೆಯಾಗಿ ಹುಟ್ಟಿದ್ರೆ ನೀವೇ ಓಡಿಬಂದು ನೀರು ಹಾಕ್ತೀರಿ.”

ಗಂಡ ಕೆಮ್ಮಿದ. ಓರಗಿತ್ತಿ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಭಾವನ ಮುಖ ಕೆಂಪಾಗುವುದನ್ನು ಎಲ್ಲರೂ ಕಾದರು. ಅದು ಕೆಂಪಾಗಲಿಲ್ಲ. ಅವರು ನೀರಿನ ಲೋಟವನ್ನು ಎತ್ತಿ, ಕುಡಿಯದೆ ಹಾಗೇ ಹಿಡಿದುಕೊಂಡರು.

“ಏನಂದೆ?”

“ತಪ್ಪಾಯ್ತು ಭಾವ, ಬಾಯಿ ತಪ್ಪಿ—”

“ಅಲ್ಲ. ಗಿಡಕ್ಕೆ ಯಾರನ್ನ ಕೇಳ್ಬೇಕು ಅಂದ್ಯಲ್ಲ. ಯಾರನ್ನೂ ಕೇಳೋ ಹಾಗಿಲ್ಲ. ಗಿಡ ನಿರ್ವಹಣೆಗೆ ಬೇಲೀಲಿ ಬೀಗ ಹಾಕೋ ಗೇಟು ಇಡೋ ಅಧಿಕಾರ ವಿಭಾಗದ ಎಂಜಿನಿಯರಿಗೇ ಇದೆ. ಅಂದ್ರೆ ನನಗೇ.” ಲೋಟ ಕೆಳಗಿಟ್ಟರು. “ಟ್ಯಾಂಕರ್ ಎಲ್ಲಿ ನೀರು ತುಂಬಿಸ್ಕೊಳ್ಳುತ್ತೆ ಗೊತ್ತಾ? ನಿಮ್ಮ ಕೇಂದ್ರದ ಸಂಪಿನಲ್ಲಿ.”

“ಹಾಗಾದ್ರೆ ಗೇಟು...”

“ನೀರಿಗೆ ಹತ್ತಿರ ಇರ್ಬೇಕಲ್ವಾ. ಸಂಪಿನ ಎದುರಿಗೇ.”

“ಬೀಗದ ಕೈ?”

“ಸಂಪಿರೋ ಕಡೆನೇ ಇರ್ಬೇಕು. ನಿಮ್ಮಲ್ಲಿ ದಿನಪೂರ್ತಿ ಎಚ್ಚರ ಇರೋರು ಯಾರಾದ್ರೂ ಇದಾರಾ?”

“ಇದೀವಿ ಭಾವ,” ಅಂದಳು ಡಾಕ್ಟರಮ್ಮ. “ಆದ್ರೆ ಲಾರಿ?”

“ಬೀಗ ಹಾಕಿರೋ ಗೇಟಲ್ಲಿ ಲಾರಿ ಹೇಗೆ ತಿರುಗುತ್ತೆ? ತೆಗೆಯೋ ಹೊತ್ತಿಗೆ ಎರಡೂ ಕಡೆ ಕೆಂಪು ದೀಪ. ಗಿಡಕ್ಕೆ ನೀರು ಹಾಕೋರ ಸುರಕ್ಷತೆಗೆ ಕಡ್ಡಾಯ ಅದು.” ಸ್ವಲ್ಪ ತಡೆದು ಸೇರಿಸಿದರು: “ಟ್ಯಾಂಕರಿಗೆ ಮೂರು ಮೀಟರ್ ಅಗಲ ಸಾಕು.”

“ವೇಗದಲ್ಲಿ ಬರೋ ಆಂಬುಲೆನ್ಸು ಹಿಂದೆ ಮುಂದೆ ಮಾಡದೆ ಒಂದೇ ಸಲಕ್ಕೆ ತಿರುಗೋಕೆ ನಾಲ್ಕಾದ್ರೂ ಬೇಕು.”

“ಆಂಬುಲೆನ್ಸಿನ ಮಾತು ಯಾರಾಡಿದ್ರು ಇಲ್ಲಿ?” ಭಾವ ಗದರಿದರು. “ನಾನು ಗಿಡದ ವಿಷಯ ಮಾತಾಡ್ತಿದೀನಿ.”

“ಇಷ್ಟು ದಿನ ಎಲ್ಲಿಟ್ಟಿದ್ಯೋ ಈ ಬುದ್ಧೀನ?” ಅಂದರು ಅತ್ತೆ. “ಊಟ ಮಾಡು. ತಣ್ಣಗಾಯ್ತು.”

ಸಂದಿಗೆ ಕಟ್ಟಿದ್ದ ಕಲ್ಲು ಎದ್ದು, ಆ ಜಾಗಕ್ಕೆ ಗೇಟು ಬಂತು. ಹಸಿರು ಬಣ್ಣ, ಮೇಲೊಂದು ಬಿಳಿ ಫಲಕ: ‘ಗಿಡಗಳಿಗೆ ನೀರು ಹಾಯಿಸಲು ಮಾತ್ರ. ಅನ್ಯ ಬಳಕೆ ಶಿಕ್ಷಾರ್ಹ.’ ಬೀಗದ ಕೈ ತುರ್ತು ವಿಭಾಗದ ಗೋಡೆಯಲ್ಲಿ, ಆಮ್ಲಜನಕದ ಕೋಣೆಯ ಬೀಗದ ಕೈಯ ಪಕ್ಕ ನೇತಾಡಿತು. ಕಾವಲುಗಾರನಿಗೆ ತೋಟಗಾರಿಕೆಯ ಹೆಚ್ಚುವರಿ ಹೊಣೆ ವಹಿಸಲಾಯಿತು.

ಕೆಲವೇ ದಿನಗಳಿಗೆ ಒಂದು ಬೆಳಿಗ್ಗೆ ಪೈಲಟ್‌ನ ಫೋನು ಬಂತು.

“ಮೇಡಂ, ಆ ಕಡೆ ರೋಡಿಂದ ಬರ್ತಿದೀನಿ. ಒಂದು ಕಣಗಿಲೆ ಇದೆ. ಹೊಟ್ಟೆ ಗಟ್ಟಿಯಾಗ್ತಿದೆ, ನಾಡಿ ಓಡ್ತಿದೆ. ಗಿಡಕ್ಕೆ ನೀರು ರೆಡಿ ಮಾಡಿ.”

“ಎಷ್ಟು ಬಾಟ್ಲು?”

“ರಕ್ತಾನೇ ಬೇಕಾಗುತ್ತೆ ಅನ್ಸುತ್ತೆ.”

ಕಾವಲುಗಾರ ಓಡಿದ. ಕೆಂಪು ದೀಪ ಮಿನುಗಿತು, ಲಾರಿಗಳು ನಿಂತವು, ಗೇಟು ತೆರೆಯಿತು. ಡಾಕ್ಟರಮ್ಮ ತೊಳೆದ ಕೈಗಳನ್ನು ಎದೆಯೆತ್ತರಕ್ಕೆ ಹಿಡಿದು ಅದೇ ಕಿಟಕಿಯಲ್ಲಿ ನಿಂತಿದ್ದಳು. ಸೈರನ್ ಕೇಳಿಸಿತು. ಆಂಬುಲೆನ್ಸು ಎಡದಿಂದ ಬಂತು. ಬಲಕ್ಕೆ ಹೋಗಲಿಲ್ಲ. ಒಂದೇ ಸಲಕ್ಕೆ ತಿರುಗಿ, ಎರಡು ಬದಿಯ ಕಣಗಿಲೆಗಳ ನಡುವೆ ನುಗ್ಗಿ, ನೇರವಾಗಿ ಅವಳತ್ತ ಬಂತು.

ಸ್ಕೂಟರಿಂದ ಬಿದ್ದ ಹೊಲಿಗೆ ಟೀಚರು. ಸ್ಟ್ರೆಚರು ಒಳಗೆ ಬರುವಾಗ ಅವಳಿಗೆ ಅರ್ಧ ಪ್ರಜ್ಞೆಯಿತ್ತು. “ಇಷ್ಟು ಬೇಗ ಬಂತಾ ಆಸ್ಪತ್ರೆ?” ಅಂದಳು. ಪೈಲಟ್ ಮುಖ ಪಕ್ಕಕ್ಕೆ ತಿರುಗಿಸಿಕೊಂಡ. ಒಡೆದಿದ್ದುದು ಹೊಟ್ಟೆಯ ಎಡ ಮೂಲೆಯ ಗುಲ್ಮ. ಅದನ್ನು ತೆಗೆದು ರಕ್ತ ನಿಲ್ಲಿಸಿದರು. ಎಂಟನೇ ದಿನ ಟೀಚರು ನಡೆದುಕೊಂಡು ಮನೆಗೆ ಹೋದಳು.

ಹಸಿರು ತಪಾಸಣೆಯಲ್ಲಿ ನೂರಕ್ಕೆ ತೊಂಬತ್ತಾರು ಗಿಡ ಬದುಕಿದ್ದವು. ಭಾವನಿಗೆ ಇನ್ನೊಂದು ಪ್ರಶಸ್ತಿ ಬಂತು. ಅತ್ತೆಯ ಟಿ.ವಿ. ಮೇಲೆ ಗಾಜಿನ ರಸ್ತೆಯ ಪಕ್ಕ ಗಾಜಿನ ಎಲೆಯೊಂದು ಕೂತಿತು. ಊಟದ ಮೇಜಿನಲ್ಲಿ ಯಾರೂ ಆಂಬುಲೆನ್ಸಿನ ಮಾತು ಎತ್ತಲಿಲ್ಲ. ಭಾವ ಮಾತ್ರ ಒಮ್ಮೆ, ತಟ್ಟೆ ನೋಡುತ್ತಲೇ, “ಗಿಡಗಳೆಲ್ಲ ಹೇಗಿವೆಯಮ್ಮ?” ಎಂದು ಕೇಳಿದರು.

“ಈ ತಿಂಗಳು ಐದು ಬಂದ್ವು ಭಾವ. ಐದೂ ಚಿಗುರಿವೆ.”

ಮರುದಿನ ಡಾಕ್ಟರಮ್ಮ, ಯಾವುದನ್ನೂ ಅಳೆಯದೆ ನಂಬುವ ಅಭ್ಯಾಸವಿಲ್ಲದವಳು, ಸಿಸ್ಟರ್ ಕೈಯಲ್ಲಿ ಅಳತೆ ಟೇಪಿನ ಒಂದು ತುದಿ ಕೊಟ್ಟು, ಕಾವಲುಗಾರನಿಂದ ಕೆಂಪು ದೀಪ ಹಾಕಿಸಿ, ಟ್ಯಾಂಕರಿಗೆ ಮೂರು ಮೀಟರ್ ಸಾಕೆಂದು ಭಾವ ಹೇಳಿದ್ದ ಆ ಗೇಟನ್ನು ಕಂಬದಿಂದ ಕಂಬಕ್ಕೆ ಅಳೆದಳು. ಅಗಲ ನಾಲ್ಕು ಮೀಟರ್ ಇಪ್ಪತ್ತು ಸೆಂಟಿಮೀಟರ್.